ಹೀಚ್, ಅರವಟ್ಟಿಗೆ ಮತ್ತು ಓದಲಾಗದ ಅಕ್ಷರಗಳು

ಪರ್ಷಿಯನ್ ಭಾಷೆಯಲ್ಲಿ 'ಹೀಚ್' ಅಂದರೆ ಏನೂ ಇಲ್ಲ. ಸೊನ್ನೆ. ಬರೆಯಲು ಮೂರೇ ಅಕ್ಷರ ಸಾಕು: ಹೇ, ಯೇ, ಚೇ. ಆದರೆ ಅದನ್ನು ನಸ್ತಾಲಿಕ್ ಎಂಬ ಶೈಲಿಯಲ್ಲಿ ಬರೆದು ನೋಡಿ (ಅಥವಾ ಬರೆದದ್ದನ್ನು ಹುಡುಕಿ ನೋಡಿ). ಮೊದಲ ಅಕ್ಷರದಲ್ಲಿ ಎರಡು ಕಣ್ಣಿನಂಥ ತೂತುಗಳು. ಇರಾನಿನವರು ಆ ಅಕ್ಷರವನ್ನು ಕರೆಯುವುದೇ 'ಎರಡು ಕಣ್ಣಿನ ಹೇ' ಎಂದು. ಅಲ್ಲಿಂದ ಗೆರೆ ಕತ್ತಿನ ಹಾಗೆ ಇಳಿದು, ಕೊನೆಯ ಅಕ್ಷರದಲ್ಲಿ ದೊಡ್ಡ ಹೊಟ್ಟೆಯಾಗಿ ಸುತ್ತಿಕೊಳ್ಳುತ್ತದೆ. ಕಾಲು ಮಡಿಚಿ ಕೂತ ಒಬ್ಬ ಮನುಷ್ಯನ ಹಾಗೆ ಕಾಣುತ್ತದೆ. 1965ರಲ್ಲಿ ಪರ್ವೀಜ್ ತನಾವೋಲಿ ಎಂಬ ಶಿಲ್ಪಿ ಈ ಪದವನ್ನು ಕಾಗದದಿಂದ ಎಬ್ಬಿಸಿ ನಿಲ್ಲಿಸಿದ. ಆಮೇಲೆ ಅರವತ್ತು ವರ್ಷ ಅದನ್ನೇ ಮಾಡಿದ. ಕಂಚಿನಲ್ಲಿ, ಫೈಬರ್ ಗ್ಲಾಸಿನಲ್ಲಿ, ನಿಯಾನ್ ದೀಪದಲ್ಲಿ. ಕುರ್ಚಿಯ ಮೇಲೆ ಕೂತ ಹೀಚ್, ಒಂದನ್ನೊಂದು ತಬ್ಬಿಕೊಂಡ ಎರಡು ಹೀಚ್, ಪಂಜರದೊಳಗಿನ ಹೀಚ್.

ಇರಾನಿನ ಆಧುನಿಕ ಕಲೆಯ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಇರಾನ್ ಅಂದ ಕೂಡಲೇ ನಮಗೆ ನೆನಪಾಗುವುದು ಕಿಯರೋಸ್ತಮಿ, ಮಜೀದ್ ಮಜಿದಿಯ ಸಿನೆಮಾಗಳು. ಫಿಲ್ಮ್ ಸೊಸೈಟಿಗಳ ಪುಣ್ಯ. ಚಿತ್ರಕಲೆಯ ಮಾತು ಅಷ್ಟಾಗಿ ಬಂದಿಲ್ಲ. ಬಂದರೂ "ಅಲ್ಲಿ ಚಿತ್ರ ಬರೆಯುವುದು ನಿಷಿದ್ಧ, ಅದಕ್ಕೇ ಅಕ್ಷರ ಬರೆದರು" ಎಂಬ ಒಂದು ಸಾಲಿನ ವಿವರಣೆ ಸಿಗುತ್ತದೆ. ಇದು ಅರ್ಧ ಸತ್ಯವೂ ಅಲ್ಲ. ಇರಾನಿನವರು ನೂರಾರು ವರ್ಷ ರಾಜರನ್ನು, ಪ್ರೇಮಿಗಳನ್ನು, ಕುದುರೆಗಳನ್ನು, ದೇವದೂತರನ್ನು ಕೂಡ ಬಿಡದೆ ಬರೆದವರು. ಅಕ್ಷರ ಅಲ್ಲಿ ಚಿತ್ರದ ಬದಲಿಗೆ ಬಂದದ್ದಲ್ಲ, ಚಿತ್ರಕ್ಕಿಂತ ಮೇಲಿನ ಮಣೆಯಲ್ಲಿ ಕೂತದ್ದು. ಹಳೆಯ ಕಾಲದಲ್ಲಿ ಚಿತ್ರಕಾರನಿಗಿಂತ ಲಿಪಿಕಾರನಿಗೆ ಮರ್ಯಾದೆ ಹೆಚ್ಚು.

ಅರಬ್ಬರಿಂದ ಬಂದ ಲಿಪಿಯನ್ನು ಇರಾನಿನವರು ತಮ್ಮ ಭಾಷೆಗೆ ಒಗ್ಗಿಸಿಕೊಂಡರು. ಪ, ಚ, ಗ ಮುಂತಾದ ತಮ್ಮ ಧ್ವನಿಗಳಿಗೆ ಚುಕ್ಕೆ ಗೆರೆ ಸೇರಿಸಿದರು. ಹದಿನಾಲ್ಕನೇ ಶತಮಾನದ ಹೊತ್ತಿಗೆ ನಸ್ತಾಲಿಕ್ ಎಂಬ ಹೊಸ ಶೈಲಿಯೇ ರೂಪುಗೊಂಡಿತು. ಮೀರ್ ಅಲಿ ತಬ್ರೀಜಿ ಎಂಬಾತ ಇದರ ಕರ್ತೃ ಎಂಬುದು ಪರಂಪರೆಯ ಮಾತು. ಕುರಾನಿಗೆ ನಸ್ಖ್ ಶೈಲಿ, ಕಾವ್ಯಕ್ಕೆ ನಸ್ತಾಲಿಕ್ ಎಂಬಂತೆ ಒಂದು ಹಂಚಿಕೆ ನಡೆಯಿತು. ಜೊಂಡಿನ ಲೆಕ್ಕಣಿಕೆಯ ತುದಿಯನ್ನು ಓರೆಯಾಗಿ ಕೊಯ್ದು, ದೀಪದ ಮಸಿಗೆ ಗೋಂದು ಬೆರೆಸಿ, ದೌತಿಯೊಳಗೆ ರೇಷ್ಮೆಯ ಎಳೆಗಳ ಉಂಡೆ ಇಟ್ಟು (ಲೇಖನಿ ಹೆಚ್ಚು ಮಸಿ ಹೀರದಿರಲಿ ಎಂದು), ಗಂಜಿ ಬಳಿದು ಅಗೇಟ್ ಕಲ್ಲಿನಲ್ಲಿ ಉಜ್ಜಿ ನುಣುಪು ಮಾಡಿದ ಕಾಗದದ ಮೇಲೆ ಬರೆಯುವ ಕೆಲಸ. ಪ್ರತಿ ಅಕ್ಷರದ ಉದ್ದಗಲಕ್ಕೂ ಲೆಕ್ಕವಿದೆ. ಅಳತೆಗೋಲು ಅದೇ ಲೇಖನಿ ಒತ್ತಿದಾಗ ಬೀಳುವ ಒಂದು ವಜ್ರಾಕಾರದ ಚುಕ್ಕೆ.

ಇದೆಲ್ಲ ನಮಗೆ ದೂರದ್ದೇನಲ್ಲ. ಲೇಖನಿಗೆ ಅವರ ಮಾತು ಕಲಮ್. ನಮ್ಮ ಪೇಪರಿನಲ್ಲಿ ಬರುತ್ತಿದ್ದ "ಕಲಂ 144" ಅದೇ. ಬರಹಕ್ಕೆ ಖತ್, ಕೈಗೆ ದಸ್ತ್. ಎರಡೂ ಸೇರಿ ನಮ್ಮ ಅಜ್ಜಂದಿರ ದಸ್ಕತ್ತು. ಬರೆಯುವವನಿಗೆ ನವೀಸ್, ಫಡ್ನವೀಸ್, ಚಿಟ್ನೀಸ್ ಎಂಬ ಅಡ್ಡಹೆಸರುಗಳಲ್ಲಿ ಅವನು ಇನ್ನೂ ಇದ್ದಾನೆ. ಕಾಗದ, ದೌತಿ, ದಸ್ತಾವೇಜು, ನಕಾಶೆ ಎಲ್ಲ ಅದೇ ದಾರಿಯಲ್ಲಿ ಬಂದ ಮಾತುಗಳು. ಮಾತು ಮಾತ್ರವಲ್ಲ, ಮನುಷ್ಯರೂ ಬಂದರು. ಇರಾನಿನಿಂದ ಬಿಜಾಪುರಕ್ಕೆ ಬಂದ ಖಲೀಲುಲ್ಲಾ ಎಂಬ ಲಿಪಿಕಾರ 1618ರಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹನ 'ಕಿತಾಬ್-ಎ-ನವರಸ್' ಕೃತಿಯನ್ನು ಅಂದವಾಗಿ ಪ್ರತಿ ಮಾಡಿ ಒಪ್ಪಿಸಿದ. ಸುಲ್ತಾನ ಎಷ್ಟು ಖುಷಿಯಾದನೆಂದರೆ ಅವನಿಗೆ 'ಲೇಖನಿಯ ಬಾದಶಹ' ಎಂಬ ಬಿರುದು ಕೊಟ್ಟು ತನ್ನ ಸಿಂಹಾಸನದ ಮೇಲೆಯೇ ಕೂರಿಸಿದನಂತೆ. ಅದೇ ಹೊತ್ತಿಗೆ, 1615ರಲ್ಲಿ, ಇರಾನಿನ ಇಸ್ಫಹಾನಿನಲ್ಲಿ ನಸ್ತಾಲಿಕ್‌ನ ಅತಿ ದೊಡ್ಡ ಹೆಸರಾದ ಮೀರ್ ಇಮಾದ್ ಬೀದಿಯಲ್ಲಿ ಕೊಲೆಯಾಗಿದ್ದ. ಷಾ ಅಬ್ಬಾಸನ ಅಸಮಾಧಾನವೇ ಕಾರಣ ಎಂದು ಹೇಳುತ್ತಾರೆ. ಇಲ್ಲಿ ಸಿಂಹಾಸನ, ಅಲ್ಲಿ ಕತ್ತಿ. ಲಿಪಿಕಾರನ ಮಹತ್ವ ಎರಡರಿಂದಲೂ ಗೊತ್ತಾಗುತ್ತದೆ ಅನ್ನಿ.

ಈಗ ನೇರವಾಗಿ ಇಪ್ಪತ್ತನೇ ಶತಮಾನಕ್ಕೆ ಹಾರೋಣ.

1928ರಲ್ಲಿ ಪಕ್ಕದ ಟರ್ಕಿಯಲ್ಲಿ ಅತಾತುರ್ಕ್ ಅರೇಬಿಕ್ ಲಿಪಿಯನ್ನೇ ಕಿತ್ತು ಹಾಕಿ ಲ್ಯಾಟಿನ್ ಲಿಪಿ ತಂದ. ಲಿಪಿಕಾರರ ಒಂದಿಡೀ ತಲೆಮಾರು ಹೊಟ್ಟೆಪಾಡಿಗೆ ಬೇರೆ ದಾರಿ ನೋಡಬೇಕಾಯಿತು. ಇರಾನಿನಲ್ಲೂ ಲಿಪಿ ಬದಲಿಸಬೇಕೆಂಬ ವಾದ ಹತ್ತೊಂಬತ್ತನೇ ಶತಮಾನದಿಂದಲೇ ಇತ್ತು. ರೆಜಾ ಷಾ ಅನೇಕ ವಿಷಯಗಳಲ್ಲಿ ಟರ್ಕಿಯನ್ನು ನೋಡಿ ನಡೆದವನು. ಟೋಪಿ ಬದಲಿಸಿದ, ಉಡುಪು ಬದಲಿಸಿದ, ಹೆಂಗಸರ ಪರದೆ ಕಿತ್ತಿಸಿದ. ಲಿಪಿಯನ್ನು ಮಾತ್ರ ಮುಟ್ಟಲಿಲ್ಲ. 1935ರಲ್ಲಿ ಸ್ಥಾಪನೆಯಾದ ಭಾಷಾ ಅಕಾಡೆಮಿ ಅರೇಬಿಕ್ ಪದಗಳ ಬದಲು ಅಚ್ಚ ಪರ್ಷಿಯನ್ ಪದಗಳನ್ನು ಟಂಕಿಸಿತು, ಆದರೆ ಆ ಪದಗಳನ್ನು ಬರೆದದ್ದು ಅದೇ ಅರಬ್ ಮೂಲದ ಲಿಪಿಯಲ್ಲಿ. ಸಾದಿ, ಹಾಫಿಜ್, ಫಿರ್ದೌಸಿ ಎಲ್ಲರೂ ಆ ಲಿಪಿಯಲ್ಲಿದ್ದಾರೆ. ಅದನ್ನು ಬಿಟ್ಟರೆ ಹೆಮ್ಮೆ ಪಡಲು ಏನು ಉಳಿಯುತ್ತದೆ?

ಪಹ್ಲವಿ ದೊರೆಗಳ ರಾಷ್ಟ್ರೀಯತೆಯ ಕಣ್ಣು ನೆಟ್ಟದ್ದು ಇಸ್ಲಾಮಿಗಿಂತ ಹಿಂದಿನ ಇರಾನಿನ ಮೇಲೆ. ಪರ್ಸೆಪೋಲಿಸ್, ಸೈರಸ್, ರೆಕ್ಕೆಯ ಎತ್ತು, ಕಂಬಗಳು. ಟೆಹರಾನಿನ ಬ್ಯಾಂಕು, ಪೊಲೀಸ್ ಕಚೇರಿಗಳನ್ನೂ ಪರ್ಸೆಪೋಲಿಸಿನ ಮಾದರಿಯಲ್ಲಿ ಕಟ್ಟಿದರು. ಚಿತ್ರಕಲೆಯಲ್ಲಿ ಕಮಾಲ್-ಉಲ್-ಮುಲ್ಕ್ 1911ರಲ್ಲಿ ತೆರೆದ ಶಾಲೆಯ ಯುರೋಪಿಯನ್ ವಾಸ್ತವವಾದ ನಡೆಯುತ್ತಿತ್ತು. ನಮ್ಮಲ್ಲಿ ರವಿವರ್ಮ ಇದ್ದ ಹಾಗೆ ಅಂದುಕೊಳ್ಳಿ. 1940ರಲ್ಲಿ ಟೆಹರಾನ್ ವಿಶ್ವವಿದ್ಯಾಲಯದಲ್ಲಿ ಲಲಿತಕಲೆಗಳ ವಿಭಾಗ ಬಂತು, ಮುಖ್ಯಸ್ಥ ಆಂದ್ರೆ ಗೋದಾರ್ ಎಂಬ ಫ್ರೆಂಚ್ ವಾಸ್ತುಶಿಲ್ಪಿ. ನಲವತ್ತರ ದಶಕದ ಕೊನೆಗೆ ಜಲೀಲ್ ಜಿಯಾಪುರ್ ಪ್ಯಾರಿಸಿನಲ್ಲಿ ಕಲಿತು ಬಂದು ಕ್ಯೂಬಿಸಂ ತಂದ. ಅವನೂ ಗೆಳೆಯರೂ ನಡೆಸಿದ ಪತ್ರಿಕೆಯ ಹೆಸರು 'ಜಗಳಗಂಟ ಹುಂಜ'! (ಖೊರೂಸ್ ಜಂಗಿ. ಇಂಥ ಹೆಸರಿಡುವ ಧೈರ್ಯ ನಮ್ಮ ನವ್ಯದವರಿಗೂ ಬರಲಿಲ್ಲ.) 1958ರಲ್ಲಿ ಮಾರ್ಕೋಸ್ ಗ್ರಿಗೋರಿಯನ್ ಎಂಬ ಅರ್ಮೇನಿಯನ್ ಮೂಲದ ಕಲಾವಿದನ ಶ್ರಮದಿಂದ ಮೊದಲ ಟೆಹರಾನ್ ಬಿಯೆನಾಲೆ ನಡೆಯಿತು.

ಹೊಸಬರಿಗೆ ಒಂದು ತಲೆನೋವು ಹಿಡಿದಿತ್ತು. ಪ್ಯಾರಿಸಿನ ನಕಲು ಮಾಡಿದರೆ ನಕಲು. ಹಳೆಯ ಮಿನಿಯೇಚರ್ ಮಾಡಿದರೆ ಪ್ರವಾಸಿಗಳಿಗೆ ಮಾರುವ ಸರಕು. ಪರ್ಸೆಪೋಲಿಸ್ ಬರೆದರೆ ಸರಕಾರಿ ಕ್ಯಾಲೆಂಡರು. ಮತ್ತೆ ಏನು ಮಾಡುವುದು?

ಉತ್ತರ ಸಿಕ್ಕಿದ್ದು ಯಾವ ಮ್ಯೂಸಿಯಮ್ಮಿನಲ್ಲೂ ಅಲ್ಲ, ಜಾತ್ರೆಯಂಥ ಒಂದು ಜಾಗದಲ್ಲಿ. 1960ರ ಆಸುಪಾಸು ತನಾವೋಲಿ ಮತ್ತು ಅವನ ಗೆಳೆಯ ಹುಸೇನ್ ಝೆಂದೆರೂದಿ ಟೆಹರಾನಿನ ದಕ್ಷಿಣಕ್ಕಿರುವ ರೇ ಪಟ್ಟಣದ ಷಾ ಅಬ್ದುಲ್ ಅಜೀಂ ದರ್ಗಾಕ್ಕೆ ಹೋದರು. ಇಬ್ಬರೂ 1937ರಲ್ಲಿ ಹುಟ್ಟಿದವರು. ತನಾವೋಲಿ ಮಿಲಾನಿನಲ್ಲಿ ಮರೀನೋ ಮರೀನಿಯ ಬಳಿ ಶಿಲ್ಪ ಕಲಿತು ಆಗಷ್ಟೇ ವಾಪಸಾಗಿದ್ದ. ದರ್ಗಾದ ಸುತ್ತಲಿನ ಅಂಗಡಿಗಳಲ್ಲಿ ಯಾತ್ರಿಕರಿಗಾಗಿ ಮಾರುತ್ತಿದ್ದ ಅಗ್ಗದ ಅಚ್ಚಿನ ಹಾಳೆಗಳು ಅವರ ಕಣ್ಣಿಗೆ ಬಿದ್ದವು. ಕರ್ಬಲೆಯ ಚಿತ್ರ, ಪ್ರಾರ್ಥನೆಗಳು, ಯಂತ್ರ ಮಂತ್ರಗಳು. ಗಾಢ ಬಣ್ಣ, ಸರಳ ಆಕಾರ, ಒಂದರ ಮೇಲೊಂದು ಬಂದ ಅಕ್ಷರ. ಕೆಲವನ್ನು ಕೊಂಡು ಮನೆಗೆ ತಂದರು. ಅವುಗಳನ್ನು ಆಧರಿಸಿ ಝೆಂದೆರೂದಿ ಮಾಡಿದ ರೇಖಾಚಿತ್ರಗಳೇ ಮುಂದಿನ ಚಳವಳಿಯ ಮೊದಲ ಕೃತಿಗಳು ಎಂದು ತನಾವೋಲಿ ಆಮೇಲೆ ಬರೆದುಕೊಂಡಿದ್ದಾನೆ.

ಆ ಚಳವಳಿಗೆ ಹೆಸರಿಟ್ಟವನು ಕರೀಂ ಎಮಾಮಿ ಎಂಬ ಪತ್ರಕರ್ತ, ಅನುವಾದಕ. 1962ರ ಮೂರನೇ ಬಿಯೆನಾಲೆಯ ಹೊತ್ತಿನಲ್ಲಿ ಝೆಂದೆರೂದಿಯ ಕೃತಿಗಳನ್ನು ನೋಡಿದಾಗ ಅವನಿಗೆ ನೆನಪಾದದ್ದು 'ಸಕ್ಕಾಖಾನೆ'. ಸಕ್ಕಾ ಅಂದರೆ ನೀರು ಹೊರುವವನು, ಖಾನೆ ನಮಗೆ ಗೊತ್ತೇ ಇದೆ (ದವಾಖಾನೆ, ಕಾರ್ಖಾನೆ). ಒಟ್ಟಿನಲ್ಲಿ ಅರವಟ್ಟಿಗೆ. ಆದರೆ ಬೇಸಗೆಯಲ್ಲಿ ಮಡಕೆ ಇಟ್ಟು ಮಜ್ಜಿಗೆ ಕೊಡುವ ನಮ್ಮ ಅರವಟ್ಟಿಗೆಗಿಂತ ಇದು ಸ್ವಲ್ಪ ಬೇರೆ. ಹಳೆಯ ಓಣಿಯ ಗೋಡೆಯಲ್ಲಿ ಒಂದು ಗೂಡು. ಒಳಗೆ ನೀರಿನ ತೊಟ್ಟಿ, ಸರಪಳಿ ಕಟ್ಟಿದ ಲೋಹದ ಬಟ್ಟಲು. ಮುಂದೆ ಕಬ್ಬಿಣದ ಜಾಲರಿ. ಹರಕೆ ಹೊತ್ತವರು ಜಾಲರಿಗೆ ಬಟ್ಟೆಯ ಚೂರು ಕಟ್ಟುತ್ತಾರೆ, ಬೀಗ ಹಾಕುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ. ಮೇಲೆ ಹಿತ್ತಾಳೆಯ ಅಂಗೈ, ಇಮಾಮರ ಚಿತ್ರ. ಕ್ರಿ.ಶ. 680ರಲ್ಲಿ ಕರ್ಬಲೆಯಲ್ಲಿ ಹುಸೇನರೂ ಅವರ ಕಡೆಯವರೂ ನೀರಿಲ್ಲದೆ ಬಾಯಾರಿ ಸತ್ತದ್ದರ ನೆನಪು ಅದು. ಯೂಫ್ರಟಿಸ್ ನದಿಯಿಂದ ಚರ್ಮದ ಚೀಲದಲ್ಲಿ ನೀರು ತರಲು ಹೋದ ಅಬ್ಬಾಸರ ಎರಡೂ ಕೈ ಕತ್ತರಿಸಿದರು, ಅದಕ್ಕೇ ಅಂಗೈ. ಉತ್ತರ ಕರ್ನಾಟಕದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊಹರಂ ಹಬ್ಬದ ಪಂಜಾ, ಅಲಾಯಿ ಕುಣಿ, ರಿವಾಯತ್ ಪದ ಕೇಳಿ ಬೆಳೆದವರಿಗೆ ಆ ಹಿತ್ತಾಳೆಯ ಕೈ ನೋಡಿದರೆ ಊರೇ ನೆನಪಾದೀತು.

ಇಲ್ಲಿ ನನಗೆ ಕುತೂಹಲದ ಸಂಗತಿ ಇನ್ನೊಂದಿದೆ. ಟೆಹರಾನಿಗೆ ಕೊಳಾಯಿ ನೀರು ಬಂದದ್ದು 1950ರ ದಶಕದ ಮಧ್ಯದಲ್ಲಿ. ಅಂದರೆ ಕಲಾವಿದರು ಸಕ್ಕಾಖಾನೆಯನ್ನು 'ಕಂಡುಹಿಡಿದದ್ದು' ಅದರ ನೀರಿನ ಅಗತ್ಯ ಕಡಿಮೆಯಾಗುತ್ತಿದ್ದ ಹೊತ್ತಿಗೆ. ನಾವು ಬೀಸುವ ಕಲ್ಲನ್ನು ಡ್ರಾಯಿಂಗ್ ರೂಮಿಗೆ ತಂದದ್ದು ಮಿಕ್ಸಿ ಬಂದ ಮೇಲೆ ತಾನೆ? ಆದರೆ ವ್ಯತ್ಯಾಸವೂ ಇದೆ. ನೀರಿಗಾಗಿ ಅಲ್ಲದಿದ್ದರೂ ಹರಕೆಗಾಗಿ ಜನ ಸಕ್ಕಾಖಾನೆಗೆ ಬರುತ್ತಲೇ ಇದ್ದರು. ಬೀಗಗಳು ಕಡಿಮೆಯಾಗಲಿಲ್ಲ. ಸತ್ತದ್ದನ್ನು ಎತ್ತಿಕೊಂಡು ಬಂದರು ಎಂದು ಪೂರ್ತಿ ಹೇಳಲಾಗದು.

ಈ ಗುಂಪಿನ ಹೆಸರುಗಳು: ಝೆಂದೆರೂದಿ, ತನಾವೋಲಿ, ಫರಾಮರ್ಜ್ ಪಿಲಾರಾಮ್, ಮಸೂದ್ ಅರಬ್‌ಶಾಹಿ, ಮನ್ಸೂರ್ ಘಂದ್ರೀಜ್, ಸಾದೆಗ್ ತಬ್ರೀಜಿ, ನಾಸೆರ್ ಒವೇಸಿ, ಜಾಜೆ ತಬಾತಬಾಯಿ. ಹಲವರು ಟೆಹರಾನಿನ ಅಲಂಕಾರಿಕ ಕಲೆಗಳ ಕಾಲೇಜಿನಲ್ಲಿ ಓದಿದವರು. ಘಂದ್ರೀಜ್ 1966ರಲ್ಲಿ ಮೂವತ್ತು ತುಂಬುವ ಹೊತ್ತಿಗೆ ಕಾರು ಅಪಘಾತದಲ್ಲಿ ಹೋದ. ಪಟ್ಟಿಯಲ್ಲಿ ಒಬ್ಬಳೂ ಹೆಂಗಸಿಲ್ಲ ಎಂಬುದನ್ನು ಗಮನಿಸಿ. ಮನ್ಸೂರೆ ಹುಸೇನಿ ಎಂಬ ಕಲಾವಿದೆ ರೋಮಿನಲ್ಲಿ ಕಲಿತು ಬಂದು ಹಳೆಯ ಕೂಫಿ ಲಿಪಿಯನ್ನು ಅಮೂರ್ತ ಚಿತ್ರಗಳಲ್ಲಿ ತಂದಿದ್ದರು. ಅವರ ಹೆಸರು 'ಶಾಲೆ'ಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಎಲ್ಲ ಕಡೆಯ ಕಥೆಯೂ ಇದೇ.

ಝೆಂದೆರೂದಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಟೆಹರಾನಿನ ಪುರಾತತ್ವ ಮ್ಯೂಸಿಯಮ್ಮಿನಲ್ಲಿ ಅವನು ಒಂದು ಅಂಗಿ ನೋಡಿದ. ಯುದ್ಧಕ್ಕೆ ಹೋಗುವವರು, ಕಾಯಿಲೆಯವರು ರಕ್ಷೆಗಾಗಿ ಒಳಗೆ ತೊಡುತ್ತಿದ್ದ ಅಂಥ ಅಂಗಿ. ಅದರ ತುಂಬ ಚೌಕಗಳು, ಚೌಕದ ತುಂಬ ಅಕ್ಷರ ಮತ್ತು ಅಂಕಿಗಳು, ಕುರಾನಿನ ವಾಕ್ಯಗಳು. ಅದರಿಂದ ಅವನ ಚಿತ್ರಗಳಲ್ಲಿ ಅಂಕಿ ಬಂತು. 1962ರಲ್ಲಿ ಮಾಡಿದ ಅವನ ಒಂದು ಚಿತ್ರದ ಹೆಸರು ಕೇಳಿ: 'ಕೆ+ಎಲ್+32+ಎಚ್+4. ನನ್ನ ಅಪ್ಪ ಮತ್ತು ನಾನು'. ಜಾನಪದ ಚಿತ್ರದ ಹಾಗೆ ನಿಂತ ಆಕಾರಗಳು, ಅವುಗಳ ಮೈಯೆಲ್ಲ ಸಣ್ಣ ಸಣ್ಣ ಗುರುತು, ಅಂಕಿ, ಅಕ್ಷರ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅದನ್ನು ಸಂಗ್ರಹಿಸಿಟ್ಟುಕೊಂಡಿದೆ. ಅವನು ಅರವತ್ತರ ದಶಕದ ಮೊದಲಿಗೇ ಪ್ಯಾರಿಸಿಗೆ ಹೋಗಿ ಅಲ್ಲೇ ನೆಲೆಸಿದ. ಅಲ್ಲಿ ಅವನ ಚಿತ್ರಗಳಿಂದ ಮನುಷ್ಯರು, ಅಂಗೈಗಳು, ಸಿಂಹಗಳು ಮಾಯವಾದವು. ಬರೀ ಅಕ್ಷರ ಉಳಿಯಿತು. ಒಂದೇ ಅಕ್ಷರವನ್ನು ನೂರಾರು ಸಲ, ಬೇರೆ ಬೇರೆ ಗಾತ್ರದಲ್ಲಿ, ಕ್ಯಾನ್ವಾಸಿನ ಅಂಚಿನವರೆಗೂ. ಓದಲು ಹೋದರೆ ಏನೂ ಸಿಗುವುದಿಲ್ಲ. ಅದೇ ಮನುಷ್ಯ 1972ರಲ್ಲಿ ಫ್ರೆಂಚ್ ಅನುವಾದದ ಕುರಾನಿಗೆ ಚಿತ್ರ ಮಾಡಿ, ಆ ಪುಸ್ತಕಕ್ಕೆ ಯುನೆಸ್ಕೋದ ಅಂತಾರಾಷ್ಟ್ರೀಯ ಪುಸ್ತಕ ವರ್ಷದ ಬಹುಮಾನ ಬಂತು.

ತನಾವೋಲಿಯದು ಬೇರೆ ದಾರಿ. ಅವನಿಗೆ ಸಕ್ಕಾಖಾನೆಯ ಜಾಲರಿ, ಬೀಗ, ನಲ್ಲಿ ಮುಖ್ಯವಾದವು. ಬೀಗಗಳನ್ನು ರಾಶಿಗಟ್ಟಲೆ ಸಂಗ್ರಹಿಸಿ ಅವುಗಳ ಮೇಲೆ ಪುಸ್ತಕವನ್ನೇ ಬರೆದ. ಇಸ್ಲಾಮಿನ ನಂತರದ ಇರಾನಿನಲ್ಲಿ ಶಿಲ್ಪದ ಪರಂಪರೆ ತೀರ ತೆಳುವಾದದ್ದು. ಪೂರ್ವಜ ಎಂದು ತೋರಿಸಲು ಅವನಿಗೆ ಸಿಕ್ಕವನು ಫರ್ಹಾದ್ ಒಬ್ಬನೇ. ಶೀರೀನಳ ಪ್ರೀತಿಗಾಗಿ ಬೆಟ್ಟ ಕಡಿದ ಕಥೆಯ ಫರ್ಹಾದ್! ಕಾವ್ಯದ ಪಾತ್ರವನ್ನು ಗುರುವಾಗಿ ಇಟ್ಟುಕೊಂಡ ಶಿಲ್ಪಿ. ಮಿನೆಸೋಟಾದ ಆಬಿ ವೀಡ್ ಗ್ರೇ ಎಂಬ ಮಹಿಳೆ ಅವನನ್ನು ಅಮೆರಿಕಕ್ಕೆ ಕರೆಸಿಕೊಂಡು, ಅವನ ಮೂಲಕ ಇರಾನಿನ ಕಲಾಕೃತಿಗಳನ್ನು ಕೊಂಡರು. ಆಕೆ ಭಾರತದ ಆಧುನಿಕ ಕಲೆಯನ್ನೂ ಸಂಗ್ರಹಿಸಿದವರು. ಆ ಸಂಗ್ರಹ 1975ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ರೇ ಗ್ಯಾಲರಿಯಾಯಿತು.

1965ರಲ್ಲಿ ಟೆಹರಾನಿನ ಬೋರ್ಗೀಸ್ ಗ್ಯಾಲರಿಯಲ್ಲಿ ತನಾವೋಲಿ ನಿಯಾನ್ ದೀಪ, ಪ್ಲಾಸ್ಟಿಕ್ ಎಲ್ಲ ಸೇರಿಸಿ ಪ್ರದರ್ಶನ ಮಾಡಿದ. ಹೀಚ್ ಮೊದಲು ಕಾಣಿಸಿಕೊಂಡದ್ದು ಆ ದಿನಗಳಲ್ಲಿ. ದೊಡ್ಡ ಗದ್ದಲವಾಗಿ ಪ್ರದರ್ಶನ ಬೇಗನೇ ಮುಚ್ಚಿತು. ಹೀಚ್‌ನ ಅರ್ಥವನ್ನು ಅವನು ಬೇರೆ ಬೇರೆ ಸಂದರ್ಭದಲ್ಲಿ ಬೇರೆ ಬೇರೆಯಾಗಿ ಹೇಳಿದ್ದಾನೆ. ಅಕ್ಷರಗಳನ್ನು ಅರ್ಥವಿಲ್ಲದೆ ಗೀಚುತ್ತಿದ್ದ ಜೊತೆಗಾರರ ಮೇಲಿನ ಸಿಟ್ಟೂ ಅದರಲ್ಲಿತ್ತು, ಸೂಫಿಗಳ ಶೂನ್ಯವೂ ಇತ್ತು, ಬರೀ ತಮಾಷೆಯೂ ಇತ್ತು. ನನಗೆ ಇಷ್ಟವಾಗುವುದು ಆ ಸಿಟ್ಟು. ಎಲ್ಲರೂ ಏನೂ ಹೇಳದ ಅಕ್ಷರಗಳನ್ನು ಬರೆಯುತ್ತಿದ್ದಾಗ ಇವನು "ಏನೂ ಇಲ್ಲ" ಎಂದು ಸ್ಪಷ್ಟವಾಗಿ, ಎಲ್ಲರಿಗೂ ಓದಲು ಬರುವ ಹಾಗೆ ಬರೆದ.

ಅಸಲು ಜಗಳ ಇರುವುದು ಇಲ್ಲೇ. ಓದಲಾಗದ ಬರಹ ಬರಹವೇ?

ಇದೇ ವರ್ಷಗಳಲ್ಲಿ ನಮ್ಮ ಪಕ್ಕದ ಮದರಾಸಿನಲ್ಲೂ ಇಂಥದೇ ನಡೆಯುತ್ತಿತ್ತು. ಕೆ.ಸಿ.ಎಸ್. ಪಣಿಕ್ಕರ್ 1963ರಲ್ಲಿ 'ಪದಗಳು ಮತ್ತು ಸಂಕೇತಗಳು' ಸರಣಿ ಶುರು ಮಾಡಿದರು. ಜಾತಕದ ಕುಂಡಲಿ, ಗಣಿತದ ಸೂತ್ರ, ಮಲಯಾಳಂ ಲಿಪಿಯಂತೆ ಕಾಣುವ ಸಾಲು ಸಾಲು ಗುರುತುಗಳು. ಓದಲು ಬರುವುದಿಲ್ಲ. ಇರಾಕಿನಲ್ಲಿ ಶಾಕಿರ್ ಹಸನ್, ಸೂಡಾನಿನಲ್ಲಿ ಇಬ್ರಾಹಿಂ ಅಲ್ ಸಲಾಹಿ ಇಂಥದೇ ಹಾದಿಯಲ್ಲಿದ್ದರು. ಒಬ್ಬರನ್ನೊಬ್ಬರು ನೋಡಿ ಮಾಡಿದ್ದು ಎನ್ನುವುದಕ್ಕಿಂತ, ಹೊಸದಾಗಿ ತಲೆಯೆತ್ತಿದ ದೇಶಗಳ ಕಲಾವಿದರೆಲ್ಲ ಒಂದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದರು ಎನ್ನುವುದು ಸರಿ. ಪ್ಯಾರಿಸಿನ ಅಮೂರ್ತ ಕಲೆ ಬೇಕು, ಅದು ತಮ್ಮದೂ ಆಗಿರಬೇಕು. ಲಿಪಿ ಎರಡಕ್ಕೂ ಒದಗಿತು. ವಿದೇಶಿಗನಿಗೆ ಅದು ಗೆರೆ, ಸ್ವದೇಶಿಗೆ ಅಕ್ಷರ.

ಇರಾನಿನಲ್ಲಿ ಸಾಂಪ್ರದಾಯಿಕ ಲಿಪಿಕಾರರು ಏನು ಮಾಡುತ್ತಿದ್ದರು? ಅವರು ಸುಮ್ಮನೆ ಕೂತಿರಲಿಲ್ಲ. 1950ರಲ್ಲೇ ಮೀರ್‌ಖಾನಿ ಸಹೋದರರು ಮತ್ತಿತರ ಉಸ್ತಾದರು ಸೇರಿ ಲಿಪಿಕಾರರ ತರಗತಿಗಳನ್ನು ಆರಂಭಿಸಿದ್ದರು, ಅದೇ ಇಂದಿನ ಇರಾನಿನ ಲಿಪಿಕಾರರ ಸಂಘ. ಅವರ ಕಣ್ಣಿಗೆ ಸಕ್ಕಾಖಾನೆಯವರು ಅಕ್ಷರದ ನಿಯಮ ತಿಳಿಯದವರು. ಝೆಂದೆರೂದಿಯ ಅಕ್ಷರ ಚುಕ್ಕೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಇದು ಮಡಿವಂತಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಹತ್ತು ವರ್ಷ ಕೂತು ಒಂದು 'ನೂನ್' ಅಕ್ಷರದ ಹೊಟ್ಟೆಯನ್ನು ಸರಿಯಾಗಿ ತಿರುಗಿಸಲು ಕಲಿತವನಿಗೆ ಸಿಟ್ಟು ಬಾರದೆ ಇದ್ದೀತೆ?

ಕೊನೆಗೆ ಸಂಧಿ ಮಾಡಿಸಿದ್ದು ಹಳೆಯ ಕಾಲದ್ದೇ ಒಂದು ಅಭ್ಯಾಸ. 'ಸಿಯಾಹ್ ಮಷ್ಕ್', ಅಂದರೆ ಕರಿ ಅಭ್ಯಾಸ. ಲಿಪಿಕಾರರು ಕೈ ಪಳಗಿಸಲು ಒಂದೇ ಹಾಳೆಯಲ್ಲಿ ಅದೇ ಅಕ್ಷರವನ್ನು ಮೇಲೆ ಕೆಳಗೆ ಓರೆ ಅಡ್ಡ ಬರೆಯುತ್ತ ಹಾಳೆ ಕಪ್ಪಾಗುವ ತನಕ ಬರೆಯುತ್ತಿದ್ದರು. ಶಾಲೆಯಲ್ಲಿ ನಾವು ಕಾಪಿ ಬರೆದ ಹಾಗೆ. ಹತ್ತೊಂಬತ್ತನೇ ಶತಮಾನದಲ್ಲಿ ಮಿರ್ಜಾ ಗುಲಾಂ ರೆಜಾ ಇಸ್ಫಹಾನಿಯಂಥವರ ಕೈಯಲ್ಲಿ ಈ ಅಭ್ಯಾಸದ ಹಾಳೆಗಳೇ ಸಹಿ ಹಾಕಿ ಸಂಗ್ರಹಿಸುವ ಕೃತಿಗಳಾದವು. ಅವುಗಳನ್ನು ಇಂದು ನೋಡಿದರೆ ಅಪ್ಪಟ ಅಮೂರ್ತ ಚಿತ್ರ. ಹಾಗಾಗಿ "ಓದಲಾಗದ ಬರಹ ಪಶ್ಚಿಮದಿಂದ ಬಂದದ್ದು" ಎನ್ನುವ ವಾದ ನಿಲ್ಲುವುದಿಲ್ಲ. 1939ರಲ್ಲಿ ಕಜ್ವೀನಿನಲ್ಲಿ ಹುಟ್ಟಿದ ಮೊಹಮ್ಮದ್ ಎಹ್ಸಾಯಿ ಇಲ್ಲಿಂದ ಹೊರಟವನು. ಅವನು ನಿಯಮಬದ್ಧವಾಗಿ ಕಲಿತ ಲಿಪಿಕಾರ. ನಂತರ ಅಕ್ಷರಗಳನ್ನು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಹೆಣೆದ. ರೆಜಾ ಮಾಫಿ ಇನ್ನೊಬ್ಬ. ಇದಕ್ಕೆ ಬಿದ್ದ ಹೆಸರು 'ನಕ್ಕಾಶಿ-ಖತ್'. ನಕಾಶೆಯೂ ಗೊತ್ತು, ದಸ್ಕತ್ತೂ ಗೊತ್ತು, ಅರ್ಥ ಬೇರೆ ಹೇಳಬೇಕಿಲ್ಲ.

(ಮಧ್ಯದಲ್ಲಿ ಒಂದು ಮಾತು. ನಸ್ತಾಲಿಕ್ ಅಕ್ಷರಗಳು ಸಾಲಿನ ಮೇಲೆ ಕೂರುವುದಿಲ್ಲ, ಪದದ ಮೊದಲು ಮೇಲೆ, ಕೊನೆ ಕೆಳಗೆ, ಇಳಿಜಾರಿನಲ್ಲಿ ಜಾರುತ್ತವೆ. ಅಚ್ಚಿನ ಮೊಳೆಗೆ ಅದು ಬಗ್ಗಲೇ ಇಲ್ಲ. ಅದಕ್ಕೇ ಹತ್ತೊಂಬತ್ತನೇ ಶತಮಾನದ ಇರಾನಿನಲ್ಲಿ ಕಲ್ಲಚ್ಚು ಅಷ್ಟು ಜನಪ್ರಿಯವಾಯಿತು, ಕೈಬರಹವನ್ನೇ ಅಚ್ಚು ಮಾಡಬಹುದಿತ್ತಲ್ಲ. ಕಂಪ್ಯೂಟರಿನಲ್ಲೂ ಪರ್ಷಿಯನ್ ಪುಟಗಳು ಬಹುಪಾಲು ನಸ್ಖ್‌ನಲ್ಲೇ ಕಾಣುತ್ತವೆ. ನುಡಿ, ಬರಹ, ಯೂನಿಕೋಡ್ ಎಂದು ಒತ್ತಕ್ಷರಗಳ ಜೊತೆ ಗುದ್ದಾಡಿದ ನಮಗೆ ಅವರ ಸಂಕಟ ಅರ್ಥವಾದೀತು.)

ಸರಕಾರ ಇದನ್ನೆಲ್ಲ ಹೇಗೆ ನೋಡಿತು ಎನ್ನುವುದು ಕಥೆಯ ಇನ್ನೊಂದು ಮುಖ. ಸಕ್ಕಾಖಾನೆಯ ಚಿತ್ರಗಳು ಷಾನ ಆಡಳಿತಕ್ಕೆ ತುಂಬ ಹಿಡಿಸಿದವು. ಆಧುನಿಕವೂ ಹೌದು, ಇರಾನಿಯೂ ಹೌದು, ವಿದೇಶಗಳಿಗೆ ಕಳಿಸಿದರೆ ಮೆಚ್ಚುಗೆ ಖಂಡಿತ. ರಾಣಿ ಫರಾಹ್ ಕೊಂಡರು, ಕೊಳ್ಳಿಸಿದರು. 1977ರಲ್ಲಿ ಕಮ್ರಾನ್ ದೀಬಾ ವಿನ್ಯಾಸ ಮಾಡಿದ ಟೆಹರಾನ್ ಸಮಕಾಲೀನ ಕಲಾ ಮ್ಯೂಸಿಯಂ ಬಾಗಿಲು ತೆರೆದಾಗ ಅಲ್ಲಿ ಸಕ್ಕಾಖಾನೆಯ ಪ್ರದರ್ಶನವೂ ಇತ್ತು, ಕ್ಯಾಟಲಾಗಿಗೆ ಬರೆದವನು ಅದೇ ಕರೀಂ ಎಮಾಮಿ. ಇನ್ನೊಂದು ಕಡೆ ಜಲಾಲ್ ಆಲ್-ಎ-ಅಹ್ಮದ್ 1962ರಲ್ಲೇ 'ಘರ್ಬ್‌ಜದೆಗಿ' ಎಂಬ ಪುಸ್ತಕ ಬರೆದು ಪಶ್ಚಿಮದ ರೋಗ ಹಿಡಿದವರನ್ನು ಬೈದಿದ್ದ. ಸರಕಾರ ಅಬ್ಬಾಸರ ಅಂಗೈಯನ್ನು ಕ್ಯಾನ್ವಾಸಿನ ಮೇಲೆ ಮೆಚ್ಚಿಕೊಳ್ಳುತ್ತಿದ್ದ ವರ್ಷಗಳಲ್ಲೇ, 1963ರ ಜೂನ್‌ನಲ್ಲಿ, ಮೊಹರಂ ದಿನಗಳಲ್ಲಿ ಖೊಮೇನಿಯ ಬಂಧನದ ವಿರುದ್ಧ ಬೀದಿಗಿಳಿದ ಜನರ ಮೇಲೆ ಸೈನ್ಯ ಗುಂಡು ಹಾರಿಸಿತು. ಅದೇ ಸಂಕೇತ ಗ್ಯಾಲರಿಯಲ್ಲಿ ಪರಂಪರೆ, ಬೀದಿಯಲ್ಲಿ ಬಂಡಾಯ. ಗ್ಯಾಲರಿಯವರಿಗೆ ಇದು ಹೊಳೆದಿತ್ತೇ ಎಂದು ನನಗೆ ಆಗಾಗ ಅನ್ನಿಸುವುದುಂಟು. ಸಕ್ಕಾಖಾನೆಯ ಬಹುಪಾಲು ಚಿತ್ರಗಳಲ್ಲಿ ಕರ್ಬಲೆ ಇದೆ, ಕರ್ಬಲೆಯ ಸಿಟ್ಟು ಇಲ್ಲ. ಅದು ಅಲಂಕಾರಿಕ ಎಂದು ದೂರಿದ ಇರಾನೀ ವಿಮರ್ಶಕರ ಮಾತಿನಲ್ಲಿ ಹುರುಳಿದೆ.

1979ರಲ್ಲಿ ಎಲ್ಲ ತಿರುವುಮುರುವಾಯಿತು. ಮ್ಯೂಸಿಯಮ್ಮಿನ ಪಿಕಾಸೊ, ವಾರ್ಹೋಲ್‌ಗಳು ನೆಲಮಾಳಿಗೆ ಸೇರಿದವು. ಗೋಡೆಗಳ ಮೇಲೆ ಕ್ರಾಂತಿಯ ಪೋಸ್ಟರುಗಳು ಬಂದವು. ಅಕ್ಷರಕ್ಕೆ ಮಾತ್ರ ಯಾರ ತಕರಾರೂ ಇರಲಿಲ್ಲ. ಷಾನ ಕಾಲದಲ್ಲಿ 'ಇರಾನಿ ಪರಂಪರೆ' ಎಂಬ ಚೀಟಿ ಅಂಟಿದ್ದ ಕಲೆಗೆ ಈಗ 'ಇಸ್ಲಾಮಿ ಪರಂಪರೆ' ಎಂಬ ಚೀಟಿ. ಲಿಪಿಕಾರರ ಸಂಘ ಊರೂರಿಗೆ ಹಬ್ಬಿತು. ತನಾವೋಲಿ 1989ರಲ್ಲಿ ಕೆನಡಾದ ವ್ಯಾಂಕೂವರಿಗೆ ಹೋದ.

ಹೊರಗೆ ಹೋದವರಲ್ಲಿ ಅಕ್ಷರವನ್ನು ಮತ್ತೆ ಓದುವಂತೆ ಮಾಡಿದವಳು ಶಿರೀನ್ ನೆಶಾತ್. 1993ರಿಂದ 97ರವರೆಗಿನ 'ಅಲ್ಲಾಹನ ಮಹಿಳೆಯರು' ಫೋಟೋ ಸರಣಿಯನ್ನು ನೀವು ನೋಡಿರಬಹುದು. ಚಾದರ್ ಹೊದ್ದ ಹೆಂಗಸು, ಕೈಯಲ್ಲಿ ಬಂದೂಕು, ಮುಖ ಮತ್ತು ಅಂಗೈ ಮೇಲೆಲ್ಲ ಸಣ್ಣ ಪರ್ಷಿಯನ್ ಅಕ್ಷರ. ಪಶ್ಚಿಮದ ನೋಡುಗರಲ್ಲಿ ಅನೇಕರು ಅದು ಕುರಾನ್ ಎಂದುಕೊಂಡರು. ಅಲ್ಲ, ಅದು ಇರಾನಿನ ಹೆಂಗಸರು ಬರೆದ ಆಧುನಿಕ ಕವಿತೆ. ಕೆಲವು ಫೊರೂಗ್ ಫರ್ರೊಖ್‌ಜಾದಳದು. ತನ್ನ ದೇಹ, ಪ್ರೀತಿಯ ಬಗ್ಗೆ ಬಿಚ್ಚಿ ಬರೆದು 1967ರಲ್ಲಿ ಚಿಕ್ಕ ವಯಸ್ಸಿಗೇ ಅಪಘಾತದಲ್ಲಿ ತೀರಿಕೊಂಡ ಕವಿ. ಕೆಲವು ತಾಹೆರೆ ಸಫ್ಫಾರ್‌ಜಾದೆಯವು. ಈಕೆ ಕ್ರಾಂತಿಯ ಪರ ನಿಂತವಳು. ಒಂದೇ ಸರಣಿಯಲ್ಲಿ ಇಬ್ಬರು, ಎರಡು ಧ್ರುವ. ಭಾಷೆ ಗೊತ್ತಿಲ್ಲದವರಿಗೆ ಎರಡೂ ಒಂದೇ ಚಂದದ ಕಸೂತಿ. ಝೆಂದೆರೂದಿಯ ಅಕ್ಷರವನ್ನು ಯಾರೂ ಓದಲಾಗದು. ನೆಶಾತಳದನ್ನು ಓದಬಲ್ಲವರು ಓದಬೇಕು. ಈ ವ್ಯತ್ಯಾಸ ಸಣ್ಣದಲ್ಲ.

ಆಮೇಲೆ ದುಡ್ಡು ಬಂತು. 2008ರ ಮಾರ್ಚಿನಲ್ಲಿ ದುಬೈನ ಹರಾಜಿನಲ್ಲಿ ಫರ್ಹಾದ್ ಮೊಶಿರಿಯ 'ಎಶ್ಖ್' (ಇಷ್ಕ್, ಪ್ರೇಮ) ಹತ್ತು ಲಕ್ಷ ಡಾಲರ್ ದಾಟಿತು. ಕಪ್ಪು ಹಿನ್ನೆಲೆಯಲ್ಲಿ ಸ್ವರೋವ್ಸ್ಕಿ ಹರಳುಗಳಿಂದ ಬರೆದ ಒಂದೇ ಪದ. ಮರುತಿಂಗಳು ತನಾವೋಲಿಯ 'ಗೋಡೆ (ಓ ಪರ್ಸೆಪೋಲಿಸ್)' 28.4 ಲಕ್ಷ ಡಾಲರಿಗೆ ಹೋಯಿತು. 1975ರ ಕಂಚಿನ ಶಿಲ್ಪ ಅದು. ಮೈತುಂಬ ಪುರಾತನ ಲಿಪಿಯಂತೆ ಕಾಣುವ ಗುರುತುಗಳು, ಒಂದಕ್ಕೂ ಅರ್ಥವಿಲ್ಲ. ಅದೇ ಹರಾಜಿನಲ್ಲಿ ಝೆಂದೆರೂದಿಯ ಚಿತ್ರ ಸುಮಾರು 16 ಲಕ್ಷ, ಎಹ್ಸಾಯಿಯದು ಹತ್ತು ಲಕ್ಷಕ್ಕೂ ಹೆಚ್ಚು. ಗೋಡೆಗೆ ತೂಗಲು ಯಾರ ಮನಸ್ಸಿಗೂ ನೋವಾಗದ, ಯಾವ ಸರಕಾರಕ್ಕೂ ಸಿಟ್ಟು ಬಾರದ ಅಕ್ಷರಚಿತ್ರಗಳು ಆಮೇಲೆ ಲೆಕ್ಕವಿಲ್ಲದಷ್ಟು ಬಂದವು. ಹೆಚ್ಚಿನವು ಬೇಸರ ತರಿಸುತ್ತವೆ.

ಪರಂಪರೆಯ ಹಕ್ಕುಪತ್ರದ ವಿಷಯವೂ ಬಾಕಿ ಇತ್ತು. 2021ರ ಡಿಸೆಂಬರಿನಲ್ಲಿ ಯುನೆಸ್ಕೋದ ಒಂದೇ ಸಭೆಯಲ್ಲಿ ಮೂರು ಅರ್ಜಿಗಳು ಒಪ್ಪಿಗೆ ಪಡೆದವು. ಹದಿನಾರು ಅರಬ್ ದೇಶಗಳು ಸೇರಿ 'ಅರೇಬಿಕ್ ಕ್ಯಾಲಿಗ್ರಫಿ' ತಮ್ಮದೆಂದು ಬರೆಸಿದವು. ಇರಾನ್ ತನ್ನ ಕ್ಯಾಲಿಗ್ರಫಿ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಬೇರೆಯಾಗಿ ಬರೆಸಿತು. ಮೂರನೆಯದು ಟರ್ಕಿಯದು. ಹೌದು, 1928ರಲ್ಲಿ ಆ ಲಿಪಿಯನ್ನು ಕೈಬಿಟ್ಟ ಟರ್ಕಿ, 'ಹುಸ್ನ್-ಇ-ಹತ್' ತನ್ನ ಪರಂಪರೆ ಎಂದು.

ತನಾವೋಲಿಯ ಕಥೆ ಮುಗಿಸಿಬಿಡುತ್ತೇನೆ. ಟೆಹರಾನಿನಲ್ಲಿದ್ದ ಅವನ ಮನೆಯನ್ನು ನಗರಪಾಲಿಕೆ ಕೊಂಡು 2003ರಲ್ಲಿ ಮ್ಯೂಸಿಯಂ ಮಾಡಿತು. ಮೇಯರ್ ಬದಲಾದರು, ಕೆಲವೇ ತಿಂಗಳಿಗೆ ಮ್ಯೂಸಿಯಂ ಮುಚ್ಚಿತು. ಆಮೇಲೆ ವರ್ಷಗಟ್ಟಲೆ ಕೋರ್ಟು ಕಚೇರಿ. 2014ರಲ್ಲಿ ಪಾಲಿಕೆಯ ಕೆಲಸಗಾರರು ಬಂದು ಮನೆಯಲ್ಲಿದ್ದ ಶಿಲ್ಪಗಳನ್ನು ಎತ್ತಿಕೊಂಡು ಹೋದರು. 2016ರ ಜುಲೈಯಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಮಾತಾಡಲು ಹೊರಟವನ ಪಾಸ್‌ಪೋರ್ಟನ್ನು ಟೆಹರಾನ್ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡರು. ಆಗ ಅವನಿಗೆ 79 ವರ್ಷ. ಕೆಲವು ದಿನಗಳ ಮೇಲೆ ಹೋಗಲು ಬಿಟ್ಟರು. ಗ್ವಾಂಟನಾಮೊ ಕೈದಿಗಳನ್ನು ನೆನೆದು 2005ರಲ್ಲಿ ಅವನು ಮಾಡಿದ ಪಂಜರದ ಹೀಚ್ ಇರುವುದು ಅದೇ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ. ಚೌಕ ಕಂಬಿಗಳ ಪಂಜರ, ಒಳಗೆ ಎರಡು ಕಣ್ಣಿನ 'ಹೇ', ಕಂಬಿಗಳ ನಡುವಿನಿಂದ ಅರ್ಧ ಹೊರಗೆ ಬಾಗಿದೆ.